ತಲೆಯಾಡಿಸುತ್ತಿದ್ದ ಜೀಪು

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಮ್ಮ ಸೀಮೆಯಲ್ಲಿ ಇನ್ನೂ ಮಹಾರಾಜರ ಆಳ್ವಿಕೆ. ಸಕ್ಕರೆಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು, ಪೆಟ್ರೋಲ್ ಬೇಕೆಂದರೆ ಕೂಪನ್ನಿಗಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಬೇಕು. ನಾನು ಹೊಳವನಹಳ್ಳಿಯ ತವರು ಬಿಟ್ಟು ಮಧುಗಿರಿಯ ಸೊಸೆಯಾಗಿ ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

ನಮ್ಮ ಮಾವನದು ಬಾಡಿಗೆ ಗಾಡಿಗಳ ಕಸುಬು. ಪಾವಗಡದ ಕಡೆಯಿಂದ ಕಡಲೆಕಾಯಿ, ಮಧುಗಿರಿಯಿಂದ ಹುಣಸೆಹಣ್ಣು ಹೇರಿಕೊಂಡು ಅವರ ಎತ್ತಿನ ಗಾಡಿಗಳು ತುಮಕೂರಿನವರೆಗೂ ಸಾಲಾಗಿ ಹೋಗುತ್ತಿದ್ದವು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಚಾವಟಿ, ಮಾತು ಕಡಿಮೆ. ಅವರಿಗೆ ಇಬ್ಬರು ಮಕ್ಕಳು. ಮಗನೇ ನನ್ನ ಯಜಮಾನರು. ಅವರ ಹೆಸರು ಹೇಳುವ ರೂಢಿ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಮೊಮ್ಮಕ್ಕಳು ಎಷ್ಟು ಪೀಡಿಸಿದರೂ ಬಾಯಿ ಬಿಡುವುದಿಲ್ಲ. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡುವ ಕಡೆ ಇದ್ದು ಕೆಲಸ ಕಲಿತು ಬಂದಿದ್ದರು. ಮಗಳು ಗೌರಿ, ನನ್ನ ನಾದಿನಿ. ಪಾವಗಡಕ್ಕೆ ಕೊಟ್ಟಿದ್ದರು.

ನಾನು ಮದುವೆಯಾಗಿ ಬಂದ ಹೊಸತರಲ್ಲೇ ಗೌರಿಗೆ ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಕರೆತರಲು ಮಾವ ತಾವೇ ಕಮಾನು ಗಾಡಿ ಕಟ್ಟಿಕೊಂಡು ಹೋದರು. ಕಮಾನು ಗಾಡಿ ಎಂದರೆ ಅಚ್ಚಿಗೆ ಉಕ್ಕಿನ ಪಟ್ಟಿಗಳ ಕಮಾನು ಕೂರಿಸಿದ, ಹೆಂಗಸರು ಮಕ್ಕಳು ಕೂರುವ ಎತ್ತಿನ ಗಾಡಿ. ಪಾವಗಡದಿಂದ ಬರುವುದೆಂದರೆ ಸಾಮಾನ್ಯವೇ? ನಡುವೆ ಮದ್ರಾಸ್ ಸೀಮೆಯ ನೆಲ ದಾಟಬೇಕು, ರಾತ್ರಿ ತಂಗಬೇಕು, ರಸ್ತೆಯೋ ಗುಂಡಿಗಳ ಮೆರವಣಿಗೆ. ಮಿಡಿಗೇಶಿಯ ಹತ್ತಿರ ಬರುವಷ್ಟರಲ್ಲಿ ಹುಡುಗಿಗೆ ನೋವು ಕಾಣಿಸಿಕೊಂಡಿತು. ಮಗು ಉಳಿಯಲಿಲ್ಲ. ಗೌರಿ ಉಳಿದದ್ದೇ ಶಿವನ ದಯೆ. ಮಾವ ಆ ಗಾಡಿಗೆ ಮತ್ತೆ ಎತ್ತು ಹೂಡಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ನೊಗ ನೆಲಕ್ಕೂರಿ ಅದು ಹಾಗೇ ಬಿದ್ದಿತ್ತು, ಅತ್ತ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಆ ವರ್ಷ ಗೌರಿ ಮತ್ತೆ ಬಸುರಿಯಾದಳು. ಪಾವಗಡದ ಬೀಗರು ಖಂಡಿತವಾಗಿ ಹೇಳಿ ಕಳಿಸಿದರು: ಎತ್ತಿನ ಗಾಡಿಯಲ್ಲಿ ಮಾತ್ರ ಕಳಿಸುವುದಿಲ್ಲ. ಬಸ್ಸೋ, ಆಗೆಲ್ಲ ಇದ್ದಿಲು ಉರಿಸಿ ಅದರ ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದರೆ ಜನರೆಲ್ಲ ಇಳಿದು ತಳ್ಳಬೇಕು. ಬಸುರಿಯನ್ನು ಅದರಲ್ಲಿ ಹೇಗೆ ತರುವುದು? ಹಾಗೆಂದು ಅಲ್ಲೇ ಬಿಡೋಣವೆಂದರೆ ಗೌರಿಯ ಅತ್ತೆಗೆ ಕಣ್ಣು ಮಂಜು, ಬಾಣಂತನ ಮಾಡುವವರು ಯಾರೂ ಇಲ್ಲ. ಹುಡುಗಿ ಬಂದವರ ಹತ್ತಿರವೆಲ್ಲ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು, "ನಾನು ಅವ್ವನ ಅತ್ರಾನೇ ಎರೋದು." ಏಳು ತುಂಬುವುದರೊಳಗೆ ಕರೆತರಬೇಕು, ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವಂತಿಲ್ಲ. ಇದು ನಮ್ಮ ಮನೆಯ ಕಟ್ಟುನಿಟ್ಟು.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಮಿಲಿಟರಿಯವರು ಜೀಪುಗಳನ್ನು ಹರಾಜು ಹಾಕುತ್ತಿದ್ದಾರೆಂಬ ಸುದ್ದಿ ಬಂತು. ಮಾವ ಒಂದು ಮಾತೂ ಆಡದೆ ಎರಡು ಸರಕಿನ ಗಾಡಿ, ಅವುಗಳ ಎತ್ತುಗಳನ್ನು ಮಾರಿ ಮಗನನ್ನು ಬೆಂಗಳೂರಿಗೆ ಕಳಿಸಿಬಿಟ್ಟರು. ನಮ್ಮ ಬೀದಿಗೆ ಜೀಪು ಬಂದ ಸಂಭ್ರಮವನ್ನು ನಾನು ಹೇಗೆ ಹೇಳಲಿ! ಬಾಗಿಲಿಲ್ಲ, ಗಾಜಿನ ಕಿಟಕಿಯಿಲ್ಲ, ಮೇಲೊಂದು ಗುಡಾರದ ಬಟ್ಟೆ, ಸ್ಟೇರಿಂಗು ಎಡಗಡೆಗೆ. ಮೈಯೆಲ್ಲ ಹಸಿರು ಬಣ್ಣ. ನಮ್ಮ ಅತ್ತೆ ಆರತಿ ತಟ್ಟೆ ಹಿಡಿದು ಬಂದವರು ಹಾಗೇ ನಿಂತು, "ಇದೇನ್ಲಾ, ಅರ್ಧ ಮಾಡಿ ಕೊಟ್ಟವ್ರೆ? ಮಿಕ್ಕಿದ್ದು ಯಾವಾಗ ಬತ್ತದೆ?" ಎಂದು ಕೇಳಿದರು. ನಮ್ಮವರಿಗೆ ಮುಖ ಊದಿಕೊಂಡಿತು. "ಬೆಂಗಳೂರಿಂದ ಇಲ್ಲೀಗಂಟ ಊವಿನಂಗೆ ಬಂದದೆ ಅವ್ವ, ಒಂದೇ ಒಂದ್ಸಲ ಕೆಮ್ಮಿಲ್ಲ," ಎಂದರು.

ಹೂವಿನಂತೆ ಬಂದ ಆ ಜೀಪಿಗೆ ಒಂದು ವಾರದಲ್ಲಿ ಏನಾಯಿತೋ! ನಮ್ಮವರು ಹುಣಸೆಹಣ್ಣಿನ ವ್ಯವಹಾರಕ್ಕೆಂದು ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಎರಡು ದಿನ ಇದ್ದು ಬಂದರು. ಬಂದವರು ಜೀಪನ್ನು ಕೊರಟಗೆರೆ ರಸ್ತೆಗೆ ತೆಗೆದುಕೊಂಡು ಹೋದರೆ, ಹುಣಸೆಮರದ ಸಾಲಿನ ಇಳಿಜಾರಿನಲ್ಲಿ ಒಂದು ಗುಂಡಿಗೆ ಬಿದ್ದದ್ದೇ ತಡ, ಮುಂದಿನ ಗಾಲಿಗಳೆರಡೂ ದಡದಡನೆ ಅತ್ತ ಇತ್ತ ಹೊಡೆದುಕೊಳ್ಳಲು ಶುರುಮಾಡಿದವಂತೆ. ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ತಾನೇ ಕುಣಿಯಿತಂತೆ. ಗಾಡಿ ಪೂರ್ತಿ ನಿಲ್ಲುವವರೆಗೂ ನಿಲ್ಲಲಿಲ್ಲ. ಮನೆಗೆ ಬಂದಾಗ ಅವರ ಎರಡೂ ಅಂಗೈ ಕೆಂಪಾಗಿ ಊದಿಕೊಂಡಿದ್ದವು. ಮೆಲ್ಲಗೆ ಹೋದರೆ ಏನೂ ಇಲ್ಲ, ಸಂಭಾವಿತನಂತೆ ಹೋಗುತ್ತದೆ. ಸ್ವಲ್ಪ ವೇಗ ಹಿಡಿದು ಒಂದು ಗುಂಡಿ ಸಿಕ್ಕಿತೋ, ಗ್ರಹಚಾರ. ಪಾವಗಡದ ದಾರಿಯಲ್ಲಿ ಇಳಿಜಾರೂ ಗುಂಡಿಯೂ ಜೊತೆಜೊತೆಗೇ ಇರುವಾಗ ಮೆಲ್ಲಗೆ ಹೋಗುತ್ತೇನೆ ಎಂದು ಯಾರು ಮಾತು ಕೊಡಬಲ್ಲರು?

ಊರಲ್ಲಿ ಸುದ್ದಿ ಹಬ್ಬಲು ಒಂದು ಸಂಜೆ ಸಾಕಾಯಿತು. ಯುದ್ಧದಲ್ಲಿ ಸತ್ತ ಯಾವನೋ ಬಿಳಿ ಸೋಲ್ಜರ್ ಗಾಡಿಯಲ್ಲೇ ಕೂತಿದ್ದಾನೆ, ನಮ್ಮವರ ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳುವವನು ಅವನೇ ಅಂತ. ಅತ್ತೆ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ಪೋಣಿಸಿ ಮುಂದುಗಡೆ ಕಟ್ಟಿದರು. ನನಗೋ ನಗು ತಡೆಯಲಾಗಲಿಲ್ಲ. "ಅತ್ತೆಮ್ಮ, ಆ ಸೋಲ್ಜರ್‌ಗೆ ನಮ್ ಮೆಣಸಿನ್ಕಾಯಿ ಕಾರ ಅಭ್ಯಾಸ ಇರಲ್ಲ, ಓಡೋಯ್ತಾನೆ ಬುಡಿ," ಎಂದುಬಿಟ್ಟೆ. ಅತ್ತೆ ನನ್ನತ್ತ ಒಂದು ನೋಟ ಬಿಟ್ಟರು ನೋಡಿ, ಆಮೇಲೆ ಎರಡು ದಿನ ನಾನು ತುಟಿ ಬಿಚ್ಚಲಿಲ್ಲ. ಆದರೆ ಅವರ ನಿರ್ಧಾರ ಮಾತ್ರ ನಗುವಂಥದಾಗಿರಲಿಲ್ಲ. ಮಗನನ್ನು ಕೂರಿಸಿಕೊಂಡು ಹೇಳಿದರು, "ನೋಡು ಮಗ, ಒಂದ್ ಕೂಸು ದಾರೀಲೇ ಓಗೈತೆ. ಇದು ತಲೆ ಆಡ್ಸೋದು ನಿಲ್ಲೋಗಂಟ ನನ್ ಮಗ್ಳು ಇದ್ರಲ್ಲಿ ಕೂರಂಗಿಲ್ಲ. ಅಲ್ಲೇ ಎರ್ಲಿ, ಅವ್ಳ ಅಣೇಲಿ ಬರ್ದಂಗಾಯ್ತದೆ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಆಗ ಏಳು ತುಂಬಲು ಉಳಿದಿದ್ದು ಕೆಲವೇ ದಿನ.

ಅಲ್ಲಿಂದ ನಮ್ಮವರಿಗೆ ಊಟ ನಿದ್ರೆ ಇಲ್ಲ. ಮೊದಲು ಸಿರಾಕ್ಕೆ ಹೋಗಿ ಅಲ್ಲಿ ಲಾರಿ ರಿಪೇರಿ ಮಾಡುವ ಒಬ್ಬ ಸಾಬರನ್ನು ಕರೆತಂದರು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಕ್ಯಾ ಭಾಯ್, ಮುಂದ್ಗಡೆ ಟೈರು ದೋನೋ ಒಂದೊಂದು ಥರ ಸವ್ದವೆ. ಹಿಂದಿಂದು ಮುಂದಕ್ಕೆ ಹಾಕು, ಗಾಳಿ ಸಮ ಮಾಡು," ಎಂದರು. ಹಾಗೇ ಮಾಡಿದ್ದಾಯಿತು. ಕುಣಿತ ಸ್ವಲ್ಪ ತಡವಾಗಿ ಶುರುವಾಯಿತೇ ಹೊರತು ನಿಲ್ಲಲಿಲ್ಲ. ಆಮೇಲೆ ನಮ್ಮವರು ಜಾಕು ಕೊಟ್ಟು ಒಂದೊಂದೇ ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಜಗ್ಗಿದರು. ಎಡಬಲ ಹಿಡಿದು ಜಗ್ಗಿದರು. ಗಾಲಿಯೊಳಗಿನ ಬೇರಿಂಗು ಬಿಗಿಯಾಗಿದೆ. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ರಾಡುಗಳ ಕೀಲುಗಳನ್ನೆಲ್ಲ ಬಿಚ್ಚಿ, ಒರೆಸಿ, ಗ್ರೀಸ್ ತುಂಬಿ ಮತ್ತೆ ಕೂರಿಸಿದರು. ಎಲ್ಲ ಸರಿ. ಹೊರಗೆ ಕೊಂಡೊಯ್ದರೆ ಮತ್ತೆ ಅದೇ ಕುಣಿತ.

ಇಷ್ಟೂ ಹೊತ್ತು ಮಾವ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ನಡುನಡುವೆ, "ಇನ್ನೂ ಆಡ್ತದಾ?" ಎಂದು ಕೇಳುವುದು, "ಊಂ" ಎಂದರೆ ತಲೆ ತಗ್ಗಿಸುವುದು. ದಿನೇ ದಿನೇ ಇಳಿದುಹೋಗುತ್ತಿದ್ದರು. ಒಂದು ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಹೋಗಿ ನೋಡಿದರೆ ಕಣ್ಣಿನಲ್ಲಿ ನೀರು ಸುರಿಯುತ್ತಿದೆ. ನಾನು ಕಂಡೂ ಕಾಣದಂತೆ ಹಿಂದಕ್ಕೆ ಬಂದೆ.

ಅವತ್ತು ಮಧ್ಯಾಹ್ನ ಅತ್ತೆ ದಂಡಿನ ಮಾರಮ್ಮನ ಗುಡಿಗೆ ಹೋಗಿದ್ದರು. ಆಳುಗಳೆಲ್ಲ ಸರಕಿನ ಜೊತೆ ಹೊರಗೆ, ಮಾವ ಜಗಲಿಯಲ್ಲಿ ಆಗಷ್ಟೇ ಕಣ್ಣು ಮುಚ್ಚಿದ್ದರು. ನಮ್ಮವರು ಜೀಪಿನ ಕೆಳಗಿನಿಂದಲೇ ಕೂಗಿದರು, "ಏ ಇವ್ಳೇ, ಯಾರಾನ ಇದ್ರೆ ಕಳ್ಸು, ಸ್ಟೇರಿಂಗ್ ಇಡ್ಕೊಳಕ್ಕೆ!"

"ಯಾರೂ ಇಲ್ಲ. ನಾನಿವ್ನಿ," ಎಂದೆ.

ಸೊಸೆ ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವಂತೆ, ಗಾಡಿ ಹತ್ತಿ ಕೂರುವುದೆಂದರೆ! ಕಡೆಗೆ, "ಸರಿ, ಅತ್ತು," ಎಂದರು. ಸೆರಗನ್ನು ತಲೆಯ ತುಂಬ ಎಳೆದುಕೊಂಡು, ಕಚ್ಚಿ ಹಿಡಿದು ಹತ್ತಿಯೇಬಿಟ್ಟೆ. ಮದುವೆಯಾದ ಮೇಲೆ ಅವರು ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅವತ್ತೇ ಮೊದಲು ಎಂದು ಕಾಣುತ್ತದೆ. ಅದೂ ಜೀಪಿನ ಹೊಟ್ಟೆಯಡಿಯಿಂದ.

"ಜಾಕ್ ಎತ್ತಿದ್ರೆ ಗಾಡಿ ಬಾರ ಗಾಲಿ ಮ್ಯಾಲೆ ಬೀಳಾಕಿಲ್ಲ. ಆಗ ಎಲ್ಲಾ ಸರಿಯಾಗೇ ಕಾಣ್ತದೆ. ನೆಲದ ಮ್ಯಾಲೆ ನಿಂತಿರೋವಾಗ್ಲೇ ನೋಡ್ಬೇಕು," ಎಂದು ವಿವರಿಸಿದರು. "ನೀನು ಎಡಕ್ಕೆ ಒಸಿ, ಬಲಕ್ಕೆ ಒಸಿ, ಬಿರಬಿರನೆ ಅಲ್ಲಾಡಿಸ್ತಾ ಇರು. ಎಲ್ಲಿ ಸಡ್ಲ ಐತೆ ನಾನು ನೋಡ್ತೀನಿ."

ಅಲ್ಲಾಡಿಸಿದೆ. ಅಬ್ಬಬ್ಬಾ, ನಿಂತ ಗಾಡಿಯ ಸ್ಟೇರಿಂಗು ರಾಗಿ ಬೀಸುವ ಕಲ್ಲಿಗಿಂತ ಬಿಗಿ. ರಟ್ಟೆ ಬಿದ್ದುಹೋದವು. ಅವರು ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡುತ್ತಾ, "ಇದಲ್ಲ... ಇದೂ ಅಲ್ಲ..." ಎನ್ನುತ್ತಿದ್ದರು. ನನಗೆ ಸಾಕಾಯಿತು. "ಏನೂಂದ್ರೆ, ನೀವು ಬಂದು ತಿರುಗ್ಸಿ, ನಾನು ನೋಡ್ತೀನಿ," ಎಂದೆ.

"ನಿಂಗೇನ್ ಗೊತ್ತಾಯ್ತದೆ?"

"ಏನೂ ಗೊತ್ತಾಗಲ್ಲ. ಯಾವುದು ಅಲ್ಲಾಡ್ತದೆ ಯಾವುದು ಅಲ್ಲಾಡಲ್ಲ ಅನ್ನೋದು ಕಣ್ಣಿಗೆ ಕಾಣಲ್ವಾ? ನಾನೇನ್ ಕುರುಡೀನಾ?"

ಅವರಿಗೂ ಕೈಸೋತಿತ್ತು. ಬಂದು ಕೂತರು. ನಾನು ಗೋಣಿಚೀಲ ಹಾಸಿಕೊಂಡು ಮುಂದಿನ ಗಾಲಿಯ ಪಕ್ಕ ಅಡ್ಡಬಿದ್ದು ನೋಡಿದೆ. ಅವರು ರಾಡು, ಕೀಲು ಎಂದು ಹೆಸರಿಟ್ಟುಕೊಂಡು ಅವುಗಳನ್ನಷ್ಟೇ ನೋಡುತ್ತಿದ್ದರು. ನನಗೆ ಯಾವ ಹೆಸರೂ ಗೊತ್ತಿರಲಿಲ್ಲ, ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ನೋಡುವಂತೆ ಎಲ್ಲವನ್ನೂ ನೋಡಿದೆ. ಬಲಗಡೆ ಏನೂ ಇಲ್ಲ. ಎಡಗಡೆಗೆ ಹೋದೆ. ಅಲ್ಲಿ ಗಾಲಿಯ ಅಚ್ಚು ಕಮಾನಿನ ಪಟ್ಟಿಗಳ ಮೇಲೆ ಕೂತಿರುವ ಕಡೆ ಒಣಗಿದ ಮಣ್ಣು ಮೆತ್ತಿತ್ತು. ಅವರು ಸ್ಟೇರಿಂಗ್ ಅಲ್ಲಾಡಿಸಿದಾಗಲೆಲ್ಲ ಆ ಮಣ್ಣಿನಲ್ಲಿ ಒಂದು ಸೀಳು ಬಾಯಿ ಬಿಡುವುದು, ಮುಚ್ಚುವುದು, ಬಿಡುವುದು, ಮುಚ್ಚುವುದು.

"ಇಲ್ಲೇನೋ ಉಸ್ರಾಡ್ತದೆ ನೋಡ್ರೀ!" ಎಂದು ಕಿರುಚಿದೆ.

ಹಾರಿ ಇಳಿದು ಬಂದರು. ಬೆರಳಿಟ್ಟು ನೋಡಿದರು. ಅಚ್ಚೇ ಕಮಾನಿನ ಮೇಲೆ ಜಾರಾಡುತ್ತಿತ್ತು. ಅವೆರಡನ್ನೂ ಸೇರಿಸಿ ಅಪ್ಪಿ ಹಿಡಿಯಬೇಕಾದ ದಪ್ಪ ಬೋಲ್ಟುಗಳು ಸಡಿಲ. "ಬೆಂಗಳೂರಲ್ಲಿ ನಾನೇ ಕೈಯಾರೆ ಬಿಗಿ ಮಾಡಿದ್ದೆನಲ್ಲ!" ಎಂದುಕೊಳ್ಳುತ್ತಾ ಉಳಿಯ ತುದಿಯಿಂದ ಮಣ್ಣು ಕೆರೆದರು. ಅಚ್ಚಿಗೂ ಕಮಾನಿಗೂ ನಡುವೆ ಏನೋ ಮೆತ್ತನೆಯದು, ಮಡಚಿ ಇಟ್ಟದ್ದು. ಬೋಲ್ಟು ಬಿಚ್ಚಿ ಎಳೆದರೆ ತೊಗಲು. ಬಲಗಡೆ ಬಿಚ್ಚಿದರೆ ಅಲ್ಲೂ ಅದೇ. ಹರಳೆಣ್ಣೆ ಕುಡಿಸಿ ಹದ ಮಾಡಿದ ತೊಗಲು, ಅಂಚಿನಲ್ಲಿ ಕೆಂಪು ಬಣ್ಣ, ಸಾಲಾಗಿ ತೂತುಗಳು. ಒರೆಸಿ ನೋಡುತ್ತಲೇ ನನಗೆ ಗುರುತು ಸಿಕ್ಕಿತು. ನಮ್ಮ ಕಮಾನು ಗಾಡಿಗೆ ಹೂಡುತ್ತಿದ್ದ ಬಲಗಡೆಯ ಎತ್ತು, ಬಸವ ಎಂದು ಕರೆಯುತ್ತಿದ್ದೆವು, ಅದರ ಕೊರಳ ಗೆಜ್ಜೆಪಟ್ಟಿ. ಬಸವ ಸತ್ತ ಮೇಲೆ ಮಾವ ಆ ಪಟ್ಟಿಯನ್ನು ತಮ್ಮ ಹಾಸಿಗೆಯ ತಲೆದೆಸೆಯ ಗೂಟಕ್ಕೆ ತೂಗುಹಾಕಿದ್ದರು. ಗೆಜ್ಜೆಗಳನ್ನು ಬಿಚ್ಚಿ, ಪಟ್ಟಿಯನ್ನು ತುಂಡು ಮಾಡಿ ಇಲ್ಲಿ ಇಟ್ಟಿದ್ದಾರೆ.

ನಮ್ಮವರ ಮುಖ ಕೆಂಡವಾಯಿತು. ಅವರ ಸಿಟ್ಟು ನಿಮಗೆ ಗೊತ್ತಿಲ್ಲ. ಒಂದು ಸ್ಪ್ಯಾನರ್ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಮನೆಯನ್ನೇ ತಲೆಕೆಳಗು ಮಾಡುವ ಮನುಷ್ಯ. "ಇಷ್ಟು ದಿನ ನಾನು ಊಟ ಬಿಟ್ಟು ಸಾಯ್ತಾ ಇದ್ರೆ, ಕೂತ್ಕೊಂಡು ನೋಡ್ತಾ ಇದ್ನಲ್ಲ ಅಪ್ಪಯ್ಯ! ಬಾಯ್ ಬಿಡಬಾರ್ದಾ?" ಎಂದು ಪಟ್ಟಿ ಹಿಡಿದು ಜಗಲಿಯತ್ತ ಹೊರಟರು. ನಾನು ಅಂಗಿ ಹಿಡಿದು ಎಳೆದೆ, ಕೊಸರಿಕೊಂಡರು. ಅಷ್ಟರಲ್ಲಿ ನನ್ನ ಕಿರುಚಾಟ ಕೇಳಿ ಮಾವ ತಾವೇ ಬರುತ್ತಿದ್ದರು. ಮಗನ ಕೈಯಲ್ಲಿದ್ದ ಪಟ್ಟಿಯನ್ನು ನೋಡಿ ನಿಂತರು.

"ಯಾಕ್ಲಾ ತೆಗ್ದೆ ಅದ್ನ?" ಎಂದರು.

"ಯಾಕೆ ಆಕ್ದೆ ಅದ್ನ ಮೊದ್ಲು ಏಳಪ್ಪಯ್ಯ!"

ಆಗ ಮಾವ ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. "ಕಮಾನ್ ಗಾಡೀಗೆ ಅಚ್ಚಿಗೂ ಕಮಾನಿಗೂ ನಡ್ವೆ ತೊಗಲು ಇಡ್ತೀವಿ ಕಣ್ಲಾ. ಕುಲುಕು ತಡ್ಕೊಳ್ತದೆ. ಗೌರೀನ ಕರ್ಕೊಂಡ್ ಬಂದ ವರ್ಷ ಅದು ಸವ್ದು ಕಿತ್ತೋಗಿತ್ತು. ಬಂದ್ಮೇಲೆ ಆಕುದ್ರಾಯ್ತು ಅಂತ ಅಂಗೇ ಒಂಟ್ಬುಟ್ಟೆ. ತೊಗಲಿದ್ದಿದ್ರೆ ನನ್ ಮಗಳ ಕೂಸು ಉಳೀತಿತ್ತು. ಅದುಕ್ಕೆ, ನೀನು ತುಮ್ಕೂರಿಗೆ ಓದಾಗ, ಮನೇಲಿ ಯಾರೂ ಇಲ್ದಿರೋ ಒತ್ನಲ್ಲಿ ಕಮ್ಮಾರನ್ನ ಕರ್ಸಿ ಮೊದ್ಲು ಈ ಕೆಲ್ಸ ಮಾಡಿಸ್ದೆ. ಒಳ್ಳೇ ತೊಗಲು ಎಲ್ಲೂ ಸಿಗ್ಲಿಲ್ಲ. ಬಸವಂದೇ ಆಕ್ಸುದೆ."

ಅದಕ್ಕೂ ಕುಣಿತಕ್ಕೂ ಸಂಬಂಧವಿದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಅದು ಒಳ್ಳೆಯ ಕೆಲಸವೇ. ಎತ್ತು ನಡೆಯುವ ವೇಗಕ್ಕೆ ಅಚ್ಚು ಎಳ್ಳಷ್ಟು ಸರಿದರೆ ಯಾರ ಗಂಟು ಹೋಗುತ್ತದೆ? ನಮ್ಮವರ ಸಿಟ್ಟು ನನ್ನ ಕಣ್ಣೆದುರೇ ಇಳಿದುಹೋಯಿತು. ಕೈ ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದರು, "ಅಪ್ಪಯ್ಯ, ಮೋಟಾರು ಜೋರಾಗಿ ಓಗ್ತದೆ. ತೊಗಲು ಅದುಮಿ ಅದುಮಿ ತೆಳ್ಳಗಾಯ್ತದೆ, ಬೋಲ್ಟು ಇಡಿತ ಬುಟ್ಬುಡ್ತದೆ, ಅಚ್ಚು ಜಾರ್ತದೆ. ಅದುಕ್ಕೇ ಗಾಲಿ ತಲೆ ಆಡಿಸ್ತಾ ಇದ್ದದ್ದು."

ಮಾವ ಹುಟ್ಟಿದಾಗಿನಿಂದ ಗಾಲಿ, ಅಚ್ಚು ನೋಡಿಕೊಂಡು ಬೆಳೆದವರು. ಎರಡನೇ ಸಲ ಹೇಳಬೇಕಾಗಲಿಲ್ಲ. ಅಲ್ಲೇ ಜೀಪಿನ ಪಕ್ಕ ನೆಲದ ಮೇಲೆ ಕುಸಿದು ಕೂತರು. "ಅಂಗಾರೆ ಎರಡ್ ಸಲಾನೂ ನಾನೇ..." ಎಂದರು. "ನಾನಿನ್ ಈ ಗಾಡಿ ಅತ್ರ ಬರಾಕಿಲ್ಲ ಕಣಪ್ಪ. ನೀವ್ ನೀವೇ ಓಗಿ ಕರ್ಕೊಂಡ್ ಬನ್ನಿ," ಎಂದರು.

ನನಗೆ ಅಳು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುಂಬಿಕೊಂಡೆ. ನಮ್ಮವರು ಒಂದಷ್ಟು ಹೊತ್ತು ಆ ತೊಗಲಿನ ತುಂಡುಗಳನ್ನು ತಿರುವಿ ತಿರುವಿ ನೋಡಿದರು. ಆಮೇಲೆ ತಮ್ಮ ಪಂಚೆಯಿಂದಲೇ ಒರೆಸಿದರು. ಜೀಪಿನ ಮುಂದಿನ ಬಲಗಡೆಯ ಸೀಟಿನ ಮೆತ್ತೆ ಎತ್ತಿ, "ಅಪ್ಪಯ್ಯ, ಬಾ ಇಲ್ಲಿ. ಇದು ಅಚ್ಚಿಗೆ ಬ್ಯಾಡ. ಗೌರಿ ಕೂರೋದು ಇಲ್ಲಿ. ಈ ಕಬ್ಬಿಣದ ಮ್ಯಾಲೆ ಎಂಗ್ ಇಟ್ರೆ ಮೆತ್ಗಾಯ್ತದೆ, ನೀನೇ ತೋರ್ಸು, ನಂಗೆ ತಿಳಿಯಾಕಿಲ್ಲ," ಎಂದು ಕರೆದರು. ಮಾವ ಮೊದಲು ಅಲುಗಲಿಲ್ಲ. ಮತ್ತೆ ಕರೆದ ಮೇಲೆ ಎದ್ದು ಬಂದರು. ಅಲ್ಲಿ ಇಲ್ಲಿ ಇಟ್ಟು ನೋಡಿ, ಕೈಯಿಂದ ಒತ್ತಿ ನೋಡಿ, ಹುರಿಯಿಂದ ತಾವೇ ಕಟ್ಟಿದರು. ಅದರಿಂದ ಏನಾದರೂ ಉಪಯೋಗವಿತ್ತೇ ಎಂದರೆ, ಒಂದು ಚೂರೂ ಇರಲಿಲ್ಲ. ಅದು ನಮ್ಮವರಿಗೂ ಗೊತ್ತಿತ್ತು.

ಎಳೆತಕ್ಕೆ ಸಿಕ್ಕಿ ಹಳೆಯ ಬೋಲ್ಟುಗಳ ತಿರುಪು ಸುತ್ತುಗಳು ಹಾಳಾಗಿದ್ದವು. ಕಮ್ಮಾರ ಹೊಸದು ಮಾಡಿಕೊಟ್ಟ. ಉಕ್ಕಿಗೆ ಉಕ್ಕು ಕೂರಿಸಿ, ನಮ್ಮವರು ಕಾಲು ಕೊಟ್ಟು ತುಳಿದು ಬಿಗಿ ಮಾಡಿದರು. ಅತ್ತೆಗೆ ತೊಗಲಿನ ವಿಷಯ ಮೂವರೂ ಹೇಳಲಿಲ್ಲ. ಬೋಲ್ಟು ಸಡಿಲವಾಗಿತ್ತು ಎಂದಷ್ಟೇ ಹೇಳಿದೆವು. ಅವರು ನಂಬಿದರೇ? "ನಾನ್ ಮೊದ್ಲು ಕೂತ್ ನೋಡ್ತೀನಿ, ಆಮ್ಯಾಕೆ ನನ್ ಮಗ್ಳು," ಎಂದು ಒಂದು ಚೊಂಬಿನ ತುಂಬ ಮಜ್ಜಿಗೆ ಹಿಡಿದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ. ಕೊರಟಗೆರೆ ರಸ್ತೆ ಹಿಡಿದೆವು. ಹುಣಸೆಸಾಲಿನ ಇಳಿಜಾರಿನಲ್ಲಿ ನಮ್ಮವರು ಬೇಕೆಂದೇ ವೇಗ ಕೊಟ್ಟು ಬೇಕೆಂದೇ ಆ ಗುಂಡಿಗೆ ಇಳಿಸಿದರು. ಗಾಡಿ ಒಂದು ಸಲ ಎಗರಿತು, ನೆಟ್ಟಗೆ ಓಡಿತು. ಸ್ಟೇರಿಂಗು ಅವರ ಕೈಯಲ್ಲಿ ಸುಮ್ಮನೆ ಕೂತಿತ್ತು. ಅತ್ತೆಯ ಸೀರೆಯ ಮೇಲೆ ಒಂದಿಷ್ಟು ಮಜ್ಜಿಗೆ ತುಳುಕಿತು ಅಷ್ಟೆ. ಅವರು ಉಳಿದ ಮಜ್ಜಿಗೆಯನ್ನು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, "ನಿಂಬೆಅಣ್ಣು ಕಟ್ಟಿದ್ದು ಇವತ್ಗೆ ಒಂಬತ್ ದಿನ ಆಯ್ತು. ಕೆಲ್ಸ ಮಾಡ್ದೆ ಇರ್ತದಾ?" ಎಂದರು. ನಮ್ಮವರು ಹಲ್ಲು ಕಚ್ಚಿಕೊಂಡು ಗಾಡಿಯನ್ನು ಮನೆಯತ್ತ ತಿರುಗಿಸಿದರು.

ಎರಡು ದಿನ ಕಳೆದು ಪಾವಗಡಕ್ಕೆ ಹೊರಟೆವು. ಮಾವ ಬರುವುದಿಲ್ಲ ಎಂದು ಹಟ ಹಿಡಿದರು. ನಮ್ಮವರು ಒಂದೇ ಮಾತು ಹೇಳಿದರು, "ದಾರಿ ಗೊತ್ತಿರೋನು ನೀನು." ಬಂದು ಹತ್ತಿದರು. ಗೌರಿಯ ಅತ್ತೆ ಜೀಪಿನ ಬಾನೆಟ್ಟನ್ನು ಕೈಯಿಂದ ಸವರಿ ನೋಡಿ, "ಮೆಲ್ಲಗಾ ಪೋನೀ ನಾಯನಾ, ಪಿಲ್ಲ ಜಾಗ್ರತ್ತ" ಎಂದು, ಮೆಲ್ಲಗೆ ಹೋಗಪ್ಪ, ಹುಡುಗಿ ಜೋಪಾನ ಎಂದು ತೆಲುಗಿನಲ್ಲೇ ಬೇಡಿಕೊಂಡು ಸೊಸೆಯನ್ನು ಕಳಿಸಿಕೊಟ್ಟರು. ಗೌರಿ ಮುಂದೆ ಅಣ್ಣನ ಪಕ್ಕ ಕೂತಳು, ನಾನೂ ಮಾವನೂ ಹಿಂದೆ. ದಾರಿಯುದ್ದಕ್ಕೂ ಮಾವ ಅವಳ ಸೀಟಿನ ಬೆನ್ನಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದರು. ಅವರು ಹಿಡಿದಿದ್ದರಿಂದಲೇ ಗಾಡಿ ನಿಂತಿದೆಯೇನೋ ಅನ್ನಬೇಕು, ಹಾಗೆ.

ಮಿಡಿಗೇಶಿ ಹತ್ತಿರವಾಯಿತು. ಹಿಂದಿನ ಸಲ ನೋವು ಕಾಣಿಸಿಕೊಂಡ ಜಾಗ. ಯಾರೂ ಅದನ್ನು ಬಾಯಲ್ಲಿ ಆಡಲಿಲ್ಲ, ಆದರೆ ನಾಲ್ವರಿಗೂ ಗೊತ್ತು. ಗೌರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಮಾವ ಕಣ್ಣು ಮುಚ್ಚಿ "ಶಿವಶಿವಾ" ಎನ್ನುತ್ತಿದ್ದರು. ಇಳಿಜಾರಿನ ಕೊನೆಯಲ್ಲಿ ಒಂದು ಕೊರಕಲು, ತಪ್ಪಿಸಲು ಜಾಗವಿಲ್ಲ. ಜೀಪು ಇಳಿಯಿತು, ಏರಿತು, ಮುಂದಕ್ಕೆ ಸಾಗಿತು. ಅಷ್ಟೆ.

ಗೌರಿ ಉಸಿರು ಬಿಟ್ಟು ನಕ್ಕಳು. "ಅಣ್ಣಯ್ಯ, ಈ ಗಾಡಿ ತಲೆ ಆಡುಸ್ತದೆ, ದೆವ್ವ ಐತೆ ಅಂತ ಪಾವಗಡದಾಗೆಲ್ಲ ಸುದ್ದಿ. ಏನೂ ಇಲ್ವಲ್ಲ? ಎಂಗ್ ನಿಂತೋಯ್ತು?"

ಹಿಂದೆ ಮಾವನ ಕೈ ಕಂಬಿಯ ಮೇಲೆ ಇನ್ನಷ್ಟು ಬಿಗಿಯಾದದ್ದು ನನಗೆ ಕಾಣಿಸಿತು. ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ನಮ್ಮವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, "ಅಪ್ಪಯ್ಯ ನಿಲ್ಸಿದ್ದು ಕಣೇ. ಬಸವನ ಗೆಜ್ಜೆಪಟ್ಟಿ ಬಿಚ್ಚಿ ನಿನ್ ಸೀಟಿನ ಕೆಳ್ಗೆ ಆಕವ್ರೆ. ಅದುಕ್ಕೇ ಅಲ್ಲಾಡಲ್ಲ."

"ಬಸವಂದಾ?" ಎಂದು ಗೌರಿ ಹಿಂದಕ್ಕೆ ತಿರುಗಿ, ಕಂಬಿಯ ಮೇಲಿದ್ದ ಅಪ್ಪನ ಕೈ ಹಿಡಿದುಕೊಂಡಳು. "ಅದ್ಕೇಯಾ, ಅವ್ವನ ಮಡ್ಲಲ್ಲಿ ಕೂತಂಗೈತೆ ಅಪ್ಪಯ್ಯ." ಮಾವ ಮಗಳ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಮಧುಗಿರಿಯ ಬೆಟ್ಟ ಕಾಣುವವರೆಗೂ ಅಳುತ್ತಲೇ ಇದ್ದರು.

ದಿನ ತುಂಬಿ ಗೌರಿಗೆ ಹೆಣ್ಣು ಮಗುವಾಯಿತು. ಆ ಕೂಸೇ ಈಗ ಅಜ್ಜಿಯಾಗಿದ್ದಾಳೆ. ಮಾವ, ಅತ್ತೆ, ಗೌರಿ, ಎಲ್ಲರೂ ಹೋದರು. ನಮ್ಮವರೂ ಹೋದರು. ನಟ್ಟು ಕಾಲು ಸುತ್ತು ಸಡಿಲವಿದ್ದರೂ ಬಿಗಿಯಾಗಿದೆ ಎಂದು ಯಾರ ಮುಲಾಜಿಗೂ ಹೇಳದಿದ್ದ ಮನುಷ್ಯ, ಅಪ್ಪನಿಗಾಗಿ ಅವತ್ತು ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದರು. ಅವರು ತಾಳಿ ಕಟ್ಟಿದ್ದು ಅದಕ್ಕೂ ಸುಮಾರು ಎರಡು ವರ್ಷ ಮೊದಲು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ, ಆ ಧೂಳಿನಲ್ಲಿ, ಅವರ ಬೆನ್ನನ್ನು ನೋಡುತ್ತಾ ಕೂತಿದ್ದಾಗ. ಹೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೂ ಬಂದಿತ್ತು, ನಾಚಿಕೆಯಾಗಿ ನುಂಗಿಕೊಂಡೆ. ಹೇಳಿಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.